ಹೊಸಪೇಟೆಯಿಂದ ದಕ್ಷಿಣ ತಾಲ್ಲೂಕುಗಳಿಗೆ: ಒಂದು ಬೆಟ್ಟದ ಹೆದ್ದಾರಿಯ ಮಾರ್ಗ ಮತ್ತು ಚರಿತ್ರೆ

೧. ವಿಷಯಪ್ರವೇಶ

ರಾಜರ ವಂಶಾವಳಿಗೂ ಯುದ್ಧಗಳಿಗೂ ದೇವಾಲಯಗಳಿಗೂ ನಮ್ಮ ಚರಿತ್ರಕಾರರು ಕೊಟ್ಟಿರುವ ಗಮನವನ್ನು ದಾರಿಗಳಿಗೆ ಕೊಟ್ಟಿಲ್ಲ. ಇದಕ್ಕೆ ಕಾರಣವಿಲ್ಲದೆ ಇಲ್ಲ. ದೇವಾಲಯಕ್ಕೆ ಶಾಸನವುಂಟು, ಕೋಟೆಗೆ ಕಲ್ಲುಂಟು. ದಾರಿಯಾದರೋ ನಡೆಯುವವರಿರುವಷ್ಟು ದಿನ ಉಳಿದು, ಅವರು ತಪ್ಪಿದೊಡನೆ ಹೊಲದಲ್ಲಿ ಸೇರಿಹೋಗುವ ವಸ್ತು. ಆದರೂ ಒಂದು ನಾಡಿನ ಜನ ಎಲ್ಲಿ ಮಾರಿದರು, ಎಲ್ಲಿ ಕೊಂಡರು, ಯಾರಿಗೆ ಕಂದಾಯ ತೆತ್ತರು, ಬರ ಬಂದಾಗ ಯಾವ ದಿಕ್ಕಿಗೆ ಮುಖ ಮಾಡಿದರು ಎಂಬುದನ್ನು ತಿಳಿಯಬೇಕಾದರೆ ದಾರಿಯನ್ನು ಬಿಟ್ಟು ಬೇರೆ ಸಾಕ್ಷಿ ವಿರಳ.

ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಲು ಉದ್ದೇಶಿಸಿರುವುದು ಹೊಸಪೇಟೆಯಿಂದ ಹೊರಟು ಸಂಡೂರು ಬೆಟ್ಟಗಳ ಪಡುವಣ ತುದಿಯನ್ನು ಬಳಸಿಕೊಂಡು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ಊರುಗಳ ಕಡೆಗೆ ಕವಲೊಡೆಯುವ ಹೆದ್ದಾರಿಯನ್ನು. ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮ ಹಾಗೂ ದಕ್ಷಿಣ ಭಾಗವಾಗಿದ್ದ ಈ ತಾಲ್ಲೂಕುಗಳು ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ರಚಿತವಾದಾಗ ಅದಕ್ಕೆ ಸೇರಿದವು. ಮಲೆನಾಡಿನ ಘಾಟಿಗಳಂತೆ ಈ ದಾರಿ ಪ್ರಸಿದ್ಧವಾದುದಲ್ಲ. ಇದರಲ್ಲಿ ಹಾವಿನಂತೆ ಸುತ್ತುವ ತಿರುವುಗಳಿಲ್ಲ, ಪ್ರಪಾತಗಳಿಲ್ಲ. ಆದರೆ ಬೆಟ್ಟವು ಒಂದು ದಾರಿಯನ್ನು ಎಷ್ಟರಮಟ್ಟಿಗೆ ಆಳಬಲ್ಲುದು, ಆ ದಾರಿಯನ್ನು ರಾಜ್ಯಗಳು ಎಷ್ಟು ಬಗೆಯಾಗಿ ಬಳಸಬಲ್ಲವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಮ್ಮ ಬಯಲುಸೀಮೆಯಲ್ಲಿ ಕಾಣುವುದು ಕಷ್ಟ. ದಾರಿಯ ಜಾಡು ಹೆಚ್ಚು ಬದಲಾಗಲಿಲ್ಲ, ದಾರಿಯ ತಲೆ ಮಾತ್ರ ಮತ್ತೆ ಮತ್ತೆ ಬದಲಾಯಿತು. ಇದು ನಮ್ಮ ಪ್ರತಿಪಾದ್ಯ.

೨. ನೆಲದ ರಚನೆ ಮತ್ತು ಮಾರ್ಗ

ಮೊದಲು ನೆಲದ ವಿಚಾರ. ಸಂಡೂರಿನ ಬೆಟ್ಟಗಳು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿರುವ ಎರಡು ಸಾಲುಗಳು. ಇವುಗಳ ನಡುವೆ ತೊಟ್ಟಿಲಿನಂತೆ ಸಂಡೂರು ಕಣಿವೆ ಇದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಜಿಲ್ಲೆಯನ್ನು ಸುತ್ತಿ ಪರಿಶೀಲಿಸಿ, ಇಲ್ಲಿಯ ಕಬ್ಬಿಣದ ಅದಿರಿನ ಪದರಗಳುಳ್ಳ ಶಿಲೆಗಳನ್ನು ಧಾರವಾಡ ವರ್ಗಕ್ಕೆ ಸೇರಿಸಿ ವಿವರಿಸಿದನು. ಈ ಗಟ್ಟಿ ಶಿಲೆಗಳು ಸವೆಯದೆ ಗೋಡೆಯಂತೆ ನಿಂತಿವೆ. ಸುತ್ತಲಿನ ಕಣಶಿಲೆಯ ನೆಲ ಸವೆದು ಬಯಲಾಗಿದೆ. ನಾರಿಹಳ್ಳವು ಈ ಗೋಡೆಯನ್ನು ಎರಡು ಕಡೆ ಸೀಳಿದೆ. ಪಶ್ಚಿಮದ ಸೀಳು ಓಬಳಗಂಡಿ, ಪೂರ್ವದ್ದು ಭೀಮಗಂಡಿ. ‘ಗಂಡಿ’ ಎಂಬುದು ಗೋಡೆಯಲ್ಲಿ ಬಿಟ್ಟ ಸಂದಿಗೂ ಬೆಟ್ಟದಲ್ಲಿ ಬಿದ್ದ ಸಂದಿಗೂ ನಮ್ಮ ಜನ ಇಟ್ಟಿರುವ ಒಂದೇ ಹೆಸರು. ಈ ಬೆಟ್ಟವನ್ನು ಅವರು ಗೋಡೆಯೆಂದೇ ಭಾವಿಸಿದ್ದರೆಂಬುದಕ್ಕೆ ಈ ಹೆಸರೇ ಸಾಕ್ಷಿ.

ಈ ಗೋಡೆಯ ವಾಯವ್ಯ ತುದಿಯು ಹೊಸಪೇಟೆಯ ಬಳಿ ತುಂಗಭದ್ರೆಯ ಸಮೀಪಕ್ಕೆ ಬಂದು ತಗ್ಗುತ್ತದೆ. ಒಂದು ಕಡೆ ನದಿ, ಇನ್ನೊಂದು ಕಡೆ ಬೆಟ್ಟ, ನಡುವೆ ಇಕ್ಕಟ್ಟಾದ ನೆಲ. ಹಂಪೆಯ ಕಡೆಯಿಂದ ದಕ್ಷಿಣಕ್ಕೂ ನೈಋತ್ಯಕ್ಕೂ ಬಂಡಿ ಹೊಡೆದುಕೊಂಡು ಹೋಗಬೇಕಾದವರಿಗೆ ಈ ಇಕ್ಕಟ್ಟೇ ಸಹಜವಾದ ಬಾಗಿಲು. ಹೊಸಪೇಟೆಯು ಸಮುದ್ರಮಟ್ಟದಿಂದ ಸುಮಾರು ೪೮೦ ಮೀಟರ್ ಎತ್ತರದಲ್ಲಿದೆ. ಕೂಡ್ಲಿಗಿ ಸುಮಾರು ೬೦೦, ಹರಪನಹಳ್ಳಿ ಸುಮಾರು ೬೩೦ ಮೀಟರ್. ಅಂದರೆ ಈ ದಾರಿ ಒಮ್ಮೆಗೇ ಬೆಟ್ಟವನ್ನು ಹತ್ತುವುದಿಲ್ಲ. ಬಾಗಿಲನ್ನು ದಾಟಿದ ಮೇಲೆ, ಎತ್ತಿಗೆ ಆಯಾಸ ತಿಳಿಯದಷ್ಟು ನಿಧಾನವಾಗಿ, ಸುಮಾರು ನೂರೈವತ್ತು ಮೀಟರ್ ಏರುತ್ತದೆ.

ಮರಿಯಮ್ಮನಹಳ್ಳಿಯ ಸುತ್ತಿನಲ್ಲಿ ದಾರಿ ಕವಲಾಗುತ್ತದೆ. ಎಡಗವಲು ದಕ್ಷಿಣಕ್ಕೆ ಕೂಡ್ಲಿಗಿಯ ಮೂಲಕ ಚಿತ್ರದುರ್ಗಕ್ಕೆ ಹೋಗುತ್ತದೆ. ಬಲಗವಲು ಹಗರಿಬೊಮ್ಮನಹಳ್ಳಿಗೆ ಹೋಗಿ, ಅಲ್ಲಿಂದ ಒಂದು ಟಿಸಿಲು ಪಶ್ಚಿಮಕ್ಕೆ ಹಡಗಲಿಯ ಕಡೆಗೂ ಇನ್ನೊಂದು ಹರಪನಹಳ್ಳಿಯ ಮೂಲಕ ಹರಿಹರದ ಕಡೆಗೂ ಸಾಗುತ್ತದೆ. ಈ ಎರಡು ಕವಲುಗಳನ್ನು ಕೂಡಿಸುವ ಅಡ್ಡಹಾದಿಯು ಕೂಡ್ಲಿಗಿ–ಕೊಟ್ಟೂರು–ಹರಪನಹಳ್ಳಿ ಮಾರ್ಗ. ಕೊಟ್ಟೂರು ಈ ಅಡ್ಡಹಾದಿಯ ಗಂಟು. ಹೀಗೆ ಐದು ಊರುಗಳೂ ಒಂದೇ ಬಾಗಿಲಿಗೆ ಕಟ್ಟಿದ ಒಂದು ಬಲೆಯ ಕಣ್ಣುಗಳಂತೆ ಕುಳಿತಿವೆ.

ಮಣ್ಣಿನ ಭೇದವನ್ನೂ ಇಲ್ಲಿ ಹೇಳಲೇಬೇಕು. ಕೂಡ್ಲಿಗಿಯ ನೆಲ ಹೆಚ್ಚಾಗಿ ಮಸಾರಿ, ಅಂದರೆ ಕೆಂಪು ಮಣ್ಣು. ಗುಡೇಕೋಟೆ, ಜರಿಮಲೆಗಳ ಕಡೆ ಬಂಡೆಗಳ ರಾಶಿಯೇ ಹೆಚ್ಚು. ಹಡಗಲಿಯಲ್ಲಿಯೂ ಹರಪನಹಳ್ಳಿಯ ಕೆಲವು ಭಾಗಗಳಲ್ಲಿಯೂ ಎರೆ, ಅಂದರೆ ಕಪ್ಪು ಮಣ್ಣು. ಬೆಳೆಯಲ್ಲಿ ಎರೆ ಉದಾರ, ಮಸಾರಿ ಜಿಪುಣ. ಆದರೆ ದಾರಿಯ ವಿಷಯದಲ್ಲಿ ಇದು ತಿರುಗುಮುರುಗು. ಮಸಾರಿಯ ಮೇಲೆ ಮಳೆ ನಿಂತ ಮರುದಿನವೇ ಬಂಡಿ ಹೊರಡಬಹುದು. ಎರೆಯ ಮೇಲಾದರೋ ಗಾಲಿ ಅಚ್ಚಿನವರೆಗೆ ಹೂತು ವಾರಗಟ್ಟಲೆ ಊರೇ ಸೆರೆಯಾಗುತ್ತಿತ್ತು. ಹತ್ತಿ ಬೆಳೆಯುವ ನೆಲಕ್ಕೆ ಹತ್ತಿ ಸಾಗಿಸುವ ದಾರಿಯಿಲ್ಲ, ದಾರಿಯುಳ್ಳ ನೆಲಕ್ಕೆ ಸಾಗಿಸಲು ಬೆಳೆಯಿಲ್ಲ ಎಂಬ ವಿಪರೀತವು ಈ ತಾಲ್ಲೂಕುಗಳ ಆರ್ಥಿಕ ಚರಿತ್ರೆಯ ಮೊದಲ ಸೂತ್ರ. ಮೊರಂ ಹಾಸಿ ಜಲ್ಲಿ ಬಡಿದ ಸಡಕು ಇಲ್ಲಿ ಕೇವಲ ಸೌಕರ್ಯವಾಗಿರಲಿಲ್ಲ. ವರ್ಷದ ಕೆಲವು ತಿಂಗಳು ಸಂತೆಯ ಮುಖ ಕಾಣಲು ಅದೊಂದೇ ಸಾಧನವಾಗಿತ್ತು.

೩. ಶಾಸನಗಳ ಕಾಲದ ಬಟ್ಟೆಗಳು

ಈ ಪ್ರಾಂತದಲ್ಲಿ ದೂರದ ಎರಡು ಸ್ಥಳಗಳ ನಡುವೆ ಆಡಳಿತದ ಸಂದೇಶ ನಡೆದುದಕ್ಕೆ ನಮಗಿರುವ ಅತಿ ಪ್ರಾಚೀನ ಆಧಾರ ಅಶೋಕನದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯ ರೂಪದಲ್ಲಿದೆ. ಇಸಿಲವು ಬ್ರಹ್ಮಗಿರಿಯ ಸುತ್ತಣ ನೆಲೆ. ಸುವರ್ಣಗಿರಿಯನ್ನು ವಿದ್ವಾಂಸರು ತುಂಗಭದ್ರೆಯ ಉತ್ತರಕ್ಕೆ, ಮಸ್ಕಿ–ಕನಕಗಿರಿಗಳ ಕಡೆ ಹುಡುಕಿದ್ದಾರೆ. ಈ ಆಜ್ಞೆಯನ್ನು ಹೊತ್ತವರು ನದಿಯನ್ನು ದಾಟಿ ದಕ್ಷಿಣಕ್ಕೆ ಬಂದಿರಲೇಬೇಕು. ಆದರೆ ಅಶೋಕನ ಇನ್ನೆರಡು ಶಾಸನಸ್ಥಳಗಳಾದ ನಿಟ್ಟೂರು ಮತ್ತು ಉಡೇಗೋಳಗಳು ಸಂಡೂರು ಬೆಟ್ಟಗಳಿಗೆ ಪೂರ್ವದಲ್ಲಿ, ಬಳ್ಳಾರಿಯ ಬಯಲಿಗೆ ಸೇರಿದ ನದೀತೀರದಲ್ಲಿವೆ. ಇದರಿಂದ ಮೌರ್ಯರ ಕಾಲದ ಪ್ರಧಾನ ಮಾರ್ಗವು ಬೆಟ್ಟದ ಪೂರ್ವಕ್ಕೆ ಹಾದುಹೋಗುತ್ತಿತ್ತೆಂದು ಊಹಿಸುವುದು ಯುಕ್ತವಾಗಿ ತೋರುತ್ತದೆ. ನಮ್ಮ ಬಾಗಿಲು ಅಂದೂ ಇತ್ತು, ಆದರೆ ಅದನ್ನು ತೆರೆಯುವ ಅಗತ್ಯವುಳ್ಳ ರಾಜಧಾನಿ ಹತ್ತಿರದಲ್ಲಿರಲಿಲ್ಲ.

ರಾಷ್ಟ್ರಕೂಟ, ಚಾಲುಕ್ಯರ ಕಾಲಕ್ಕೆ ಬಂದರೆ ಚಿತ್ರವು ಬೇರೆ. ಹರಪನಹಳ್ಳಿಯ ಬಳಿಯ ಬಾಗಳಿಯ ಕಲ್ಲೇಶ್ವರ, ಅಂಬಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಹಿರೇಹಡಗಲಿ, ಮಾಗಳಗಳ ಗುಡಿಗಳು ಈ ತಾಲ್ಲೂಕುಗಳಲ್ಲಿ ಹತ್ತನೆಯ ಶತಮಾನದಿಂದೀಚೆಗೆ ಬೆಳೆದ ಸಮೃದ್ಧಿಯನ್ನು ಸಾರುತ್ತವೆ. ಬಾಗಳಿಯಲ್ಲಿ ೯೮೭ರ ಶಾಸನವಿದೆ. ಈ ಸ್ಥಳಗಳಲ್ಲಿ ಹಲವು ತುಂಗಭದ್ರೆಯ ದಂಡೆಯಲ್ಲಿ ಅಥವಾ ಅದಕ್ಕೆ ಸಮೀಪದಲ್ಲಿವೆ, ಉಳಿದವು ಕೆರೆಗಳ ಸುತ್ತಿನವು. ಬೆಟ್ಟದ ಬುಡದಲ್ಲಿ ಇಂಥ ಸ್ಥಾನಗಳು ಕಡಮೆ. ಆಗಿನ ಓಡಾಟವು ನದಿಯನ್ನು ಅನುಸರಿಸಿ, ಹರಿಗೋಲುಗಳಲ್ಲಿ ಅದನ್ನು ದಾಟಿ, ಆಚೆಯ ಬನವಾಸಿ, ಬೆಳ್ವೊಲ ನಾಡುಗಳ ಕಡೆಗೆ ಹೆಚ್ಚಾಗಿ ನಡೆಯುತ್ತಿತ್ತೆಂದು ಇದರಿಂದ ತಿಳಿಯಬಹುದು.

ಶಾಸನಗಳಲ್ಲಿ ದಾನಭೂಮಿಯ ಎಲ್ಲೆಯನ್ನು ಹೇಳುವಾಗ ಹಳ್ಳ, ಮೊರಡಿ, ಹುಣಿಸೆಯ ಮರಗಳ ಜೊತೆಗೆ ‘ಹೆಬ್ಬಟ್ಟೆ’ ಎಂಬ ಮಾತು ಬರುವುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು. ‘ಬಟ್ಟೆ’ ಎಂದರೆ ದಾರಿ, ‘ಪೆರ್ವಟ್ಟೆ’ಯೇ ‘ಹೆಬ್ಬಟ್ಟೆ’. ಹೊಲದ ಎಲ್ಲೆಯನ್ನು ಹೇಳಲು ಒಂದು ದಾರಿಯನ್ನು ಗುರುತಾಗಿ ಇಟ್ಟುಕೊಳ್ಳಬೇಕಾದರೆ ಅದು ತಲೆಮಾರಿನಿಂದ ತಲೆಮಾರಿಗೆ ಕದಲದ ದಾರಿಯಾಗಿರಬೇಕು. ಹಾಗೆಯೇ ಹೆಜ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಪ್ರಸ್ತಾಪ, ಎಲೆ ಅಡಕೆಗಳ ಹೇರಿಗೆ ಇಷ್ಟೆಂದು ವರ್ತಕಸಂಘಗಳು ದೇವರಿಗೆ ಬಿಟ್ಟ ಆಯ, ಇವೆಲ್ಲ ದಾರಿಯ ಮೇಲೆ ಸರಕು ನಡೆಯುತ್ತಿದ್ದುದರ ಗುರುತುಗಳು. ಎಲ್ಲೆಯನ್ನೂ ಆಯವನ್ನೂ ಹೇಳುವ ಈ ನೀರಸವಾದ ಸಾಲುಗಳನ್ನು ಪ್ರಶಸ್ತಿಭಾಗದಷ್ಟೇ ಶ್ರದ್ಧೆಯಿಂದ ಓದಿದವರಿಗೆ ಹಳೆಯ ದಾರಿಗಳ ನಕ್ಷೆಯೊಂದು ಒದಗುತ್ತದೆ.

೪. ವಿಜಯನಗರ: ಕೆರೆಯ ಏರಿಯೇ ಹೆದ್ದಾರಿಯಾದುದು

ಹದಿನಾಲ್ಕನೆಯ ಶತಮಾನದಲ್ಲಿ ಹಂಪೆಯು ರಾಜಧಾನಿಯಾದುದರಿಂದ ಬೆಟ್ಟದ ಬಾಗಿಲಿಗೆ ಮೊದಲ ಬಾರಿಗೆ ದೊಡ್ಡ ಅರ್ಥ ಬಂದಿತು. ಮಹಾನಗರಕ್ಕೆ ಬೇಕಾದ ಸರಕಿನಲ್ಲಿ ಒಂದು ಪಾಲು ಪಶ್ಚಿಮ ಕರಾವಳಿಯ ಬಂದರುಗಳಿಂದ ಬರಬೇಕಾಗಿತ್ತು. ೧೪೪೩ರಲ್ಲಿ ಪಾರಸಿಕದ ರಾಯಭಾರಿ ಅಬ್ದುಲ್ ರಜಾಕನು ಮಂಗಳೂರಿನಿಂದ ಹೊರಟು ಘಟ್ಟವನ್ನೇರಿ, ಬಿದರೂರನ್ನು ಕಂಡು ವಿಜಯನಗರವನ್ನು ಸೇರಿದನು. ಸುಮಾರು ೧೫೨೦ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಭಟ್ಕಳದ ದಾರಿಯಲ್ಲಿ ಸಾವಿರಾರು ಹೇರೆತ್ತುಗಳು ತಂಡತಂಡವಾಗಿ ನಡೆಯುತ್ತಿದ್ದುದನ್ನು ಬಣ್ಣಿಸಿದ್ದಾನೆ. ಬಿದನೂರಿನ ಕಡೆಯಿಂದ ತುಂಗಭದ್ರೆಯ ಬಲದಂಡೆಯನ್ನು ಬಿಡದೆ ಹಂಪೆಗೆ ಬರುವವರಿಗೆ ಹರಿಹರ, ಹರಪನಹಳ್ಳಿಗಳ ಕಡೆಯ ಏರುನೆಲವನ್ನು ದಾಟಿ ನಮ್ಮ ಬಾಗಿಲಿಗೆ ಇಳಿಯುವುದು ನೇರವಾದ ಮಾರ್ಗ.

ಈ ಬಾಗಿಲಿನಲ್ಲಿಯೇ ಕೃಷ್ಣದೇವರಾಯನು ನಾಗಲಾಪುರವೆಂಬ ಹೊಸ ಪಟ್ಟಣವನ್ನು ಕಟ್ಟಿಸಿದನು. ಅದೇ ಇಂದಿನ ಹೊಸಪೇಟೆ. ಅದರ ಬಳಿ ಎರಡು ಬೆಟ್ಟಗಳ ನಡುವಣ ಬಾಯಿಗೆ ಅಡ್ಡವಾಗಿ ಒಂದು ಮಹಾ ಕೆರೆಯ ಏರಿಯನ್ನು ಹಾಕಿಸುತ್ತಿದ್ದುದನ್ನು ಪಾಯಸನು ಕಣ್ಣಾರೆ ಕಂಡನು. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರೆಂದೂ ಏರಿ ಒಡೆದುಹೋದುದರಿಂದ ನರಬಲಿ ಪಶುಬಲಿಗಳನ್ನು ಕೊಡಿಸಲಾಯಿತೆಂದೂ ಅವನು ಹೇಳುತ್ತಾನೆ. ನ್ಯೂನಿಜನೆಂಬ ಇನ್ನೊಬ್ಬ ಪೋರ್ಚುಗೀಸನೂ ಈ ಕೆಲಸದ ಕಷ್ಟಗಳನ್ನು ಬರೆದಿದ್ದಾನೆ. ವಿಜಯನಗರದ ಚರಿತ್ರೆಯನ್ನು ೧೯೦೦ರಲ್ಲಿ ಪ್ರಕಟಿಸಿದ ರಾಬರ್ಟ್ ಸಿವೆಲ್ಲರು ಈ ಕೆರೆಯನ್ನು ಹೊಸಪೇಟೆಯ ದಕ್ಷಿಣಕ್ಕೆ ಸಂಡೂರು ಬೆಟ್ಟಗಳ ಕಣಿವೆಯ ಬಾಯಲ್ಲಿ ಬತ್ತಿ ನಿಂತಿರುವ ಕೆರೆಯೆಂದು ಗುರುತಿಸಿದರು. ಅದರ ಭಾರಿ ಏರಿಯನ್ನು ಹೊಸಪೇಟೆಯಿಂದ ದಕ್ಷಿಣ ತಾಲ್ಲೂಕುಗಳಿಗೆ ಹೋಗುವ ಹೆದ್ದಾರಿಗಾಗಿ ಬಳಸಿಕೊಳ್ಳಲಾಗಿದೆ ಎಂದೂ ಅವರು ಗಮನಿಸಿದರು.

ಈ ಒಂದು ಸಂಗತಿಯನ್ನು ನಾವು ಸ್ವಲ್ಪ ನಿಂತು ನೋಡಬೇಕು. ನೀರನ್ನು ತಡೆಯಲು ಹಾಕಿದ ಮಣ್ಣಿನ ರಾಶಿ ನೀರನ್ನು ಬಹುಕಾಲ ಹಿಡಿಯಲಿಲ್ಲ. ಆದರೆ ದುಡಿದವರ ಹೆಸರೂ ಉಳಿಯದಷ್ಟು ಕಾಲ ಕಳೆದ ಮೇಲೆ ಅದು ಬಂಡಿಗಳನ್ನು ಹೊತ್ತಿತು. ಕೆರೆಗೆ ಯೋಗ್ಯವಾದ ಜಾಗವೂ ದಾರಿಗೆ ಯೋಗ್ಯವಾದ ಜಾಗವೂ ಒಂದೇ ಆಗಿದ್ದುದು ಆಕಸ್ಮಿಕವಲ್ಲ. ಎರಡು ಬೆಟ್ಟಗಳ ನಡುವೆ ನೀರು ಎಲ್ಲಿ ಹೊರಬರಬೇಕೋ ಮನುಷ್ಯನೂ ಅಲ್ಲಿಯೇ ಹೊರಬರಬೇಕು. ನಾಲ್ಕು ಶತಮಾನಗಳ ಬಳಿಕ ಇದೇ ನ್ಯಾಯವು ಇನ್ನೊಂದು ರೂಪದಲ್ಲಿ ಮರುಕಳಿಸಿತು. ಅದನ್ನು ಮುಂದೆ ಹೇಳುವೆವು.

೫. ಪಾಳೆಯಪಟ್ಟುಗಳಿಂದ ಕ್ಷಾಮದವರೆಗೆ

೧೫೬೫ರಲ್ಲಿ ರಾಜಧಾನಿಯು ಹಾಳಾದ ಮೇಲೆ ದಾರಿಗೆ ತಲೆಯೇ ಇಲ್ಲದಂತಾಯಿತು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳಲ್ಲಿ ಪಾಳೆಯಗಾರರು ನೆಲೆಗೊಂಡರು. ಅವರಲ್ಲಿ ಪ್ರಬಲರು ಹರಪನಹಳ್ಳಿಯವರು. ಸೋಮಶೇಖರ ನಾಯಕನ ಹೆಸರು ಇಂದಿಗೂ ಆ ಕಡೆ ಜನಜನಿತ. ಸಾಮ್ರಾಜ್ಯಕ್ಕೆ ದಾರಿಯು ತೆರೆದಿರಬೇಕು. ಪಾಳೆಯಗಾರನಿಗೆ ಅದು ಮುಚ್ಚಲು ಬರುವಂತಿರಬೇಕು. ಆದುದರಿಂದ ಈ ಕಾಲದ ಕೋಟೆಗಳು ದಾರಿಯಿಂದ ದೂರದಲ್ಲಿ, ಬಂಡೆಗಳ ಸಂದಿಗಳಲ್ಲಿ ಹುಟ್ಟಿದವು. ದಾರಿಯನ್ನು ಜೀವಂತವಾಗಿ ಉಳಿಸಿದವರಲ್ಲಿ ಮುಖ್ಯರು ಲಂಬಾಣಿಗಳು. ಉಪ್ಪು ಧಾನ್ಯಗಳನ್ನು ಹೇರೆತ್ತುಗಳ ಮೇಲೆ ಹೊರಿಸಿಕೊಂಡು, ಯಾವ ಸೇನೆಯ ಪಾಳೆಯಕ್ಕಾದರೂ ಸರಬರಾಜು ಮಾಡುತ್ತ ನಡೆದ ಈ ಜನರಿಗೆ ಕಟ್ಟಿದ ಸಡಕು ಬೇಕಾಗಿರಲಿಲ್ಲ. ನೀರು, ಹುಲ್ಲು, ತಂಗಲು ಜಾಗ, ಇಷ್ಟೇ ಬೇಕಾಗಿತ್ತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಗುಡ್ಡಗಳ ಸೆರಗಿನಲ್ಲಿರುವ ತಾಂಡಗಳು ಆ ಓಡಾಟದ ಕಾಲವನ್ನು ಇಂದಿಗೂ ನೆನಪಿಗೆ ತರುತ್ತವೆ.

ಹೈದರ್ ಮತ್ತು ಟೀಪುವಿನ ಆಳ್ವಿಕೆ ಕಳೆದು ೧೮೦೦ರಲ್ಲಿ ನಿಜಾಮನು ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ಬಿಟ್ಟುಕೊಟ್ಟ ಜಿಲ್ಲೆಗಳ ಪ್ರಧಾನ ಕಲೆಕ್ಟರನಾಗಿ ಥಾಮಸ್ ಮನ್ರೋ ೧೮೦೦ರಿಂದ ೧೮೦೭ರವರೆಗೆ ಇದ್ದನು. ಪಾಳೆಯಗಾರರ ಬಲ ಮುರಿದು ರಯತವಾರಿ ಕಂದಾಯ ಬಂದಿತು. ದಂಡು ಬಳ್ಳಾರಿಯಲ್ಲಿ ನೆಲೆಸಿದ್ದರಿಂದ ದಾರಿಯ ತಲೆ ಪೂರ್ವಕ್ಕೆ ತಿರುಗಿತು. ಆದರೆ ಪಶ್ಚಿಮ ತಾಲ್ಲೂಕುಗಳು ಬಳ್ಳಾರಿಗೆ ದೂರ. ನಡುವೆ ಸಂಡೂರಿನ ಬೆಟ್ಟ, ಆ ಬೆಟ್ಟದಲ್ಲಿ ಘೋರ್ಪಡೆ ವಂಶದವರ ಪ್ರತ್ಯೇಕ ಸಂಸ್ಥಾನ. ೧೮೭೧ರ ಮದರಾಸಿನ ಲೋಕಲ್ ಫಂಡ್ ಕಾನೂನಿನಿಂದ ಸಡಕುಗಳಿಗೆಂದು ಪ್ರತ್ಯೇಕ ತೆರಿಗೆ ಬಂದು, ಮಣ್ಣಿನ ಜಾಡುಗಳು ಮೆಲ್ಲಮೆಲ್ಲಗೆ ಜಲ್ಲಿಯ ಸಡಕುಗಳಾಗತೊಡಗಿದವು.

ಅಷ್ಟರಲ್ಲಿ ೧೮೭೬–೭೮ರ ಮಹಾಕ್ಷಾಮ ಬಂದಿತು. ಮದರಾಸು ಅಧಿಪತ್ಯದಲ್ಲಿ ಅತ್ಯಂತ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ೧೮೭೧ ಮತ್ತು ೧೮೮೧ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಭಾಗ ಕುಗ್ಗಿತು. ರೈಲು ಆಗಲೇ ಬಳ್ಳಾರಿಯನ್ನು ಮುಟ್ಟಿತ್ತು. ಹೊರಗಿನ ಧಾನ್ಯವು ರೈಲಿನಲ್ಲಿ ಬರುತ್ತಿತ್ತು. ಆದರೆ ರೈಲು ಮುಗಿದಲ್ಲಿಂದ ಮುಂದಕ್ಕೆ ಎತ್ತಿನ ಬಂಡಿಯೇ ಗತಿ, ಆ ಎತ್ತುಗಳೇ ಮೇವು ನೀರಿಲ್ಲದೆ ಸಾಯುತ್ತಿದ್ದವು. ನಿಲ್ದಾಣದಲ್ಲಿ ಚೀಲಗಳು ಬಿದ್ದಿದ್ದರೂ ಐವತ್ತು ಮೈಲಿಯಾಚೆಯ ಹಳ್ಳಿಗೆ ಅವು ಇಲ್ಲದಂತೆಯೇ. ಕ್ಷಾಮವೆಂದರೆ ಧಾನ್ಯದ ಅಭಾವ ಮಾತ್ರವಲ್ಲ, ದಾರಿಯ ಅಭಾವವೂ ಹೌದು ಎಂಬುದನ್ನು ಈ ತಾಲ್ಲೂಕುಗಳು ತಮ್ಮ ಜನರನ್ನು ತೆತ್ತು ಕಲಿತವು.

ಪರಿಹಾರದ ಕಾಮಗಾರಿಗಳಲ್ಲಿ ಸಡಕುಗಳ ಕೆಲಸ ಮುಖ್ಯವಾಗಿತ್ತು. ಹಸಿದವರು ಕಲ್ಲು ಒಡೆದು ಮಣ್ಣು ಹೊತ್ತರು. ೧೮೭೭ರಲ್ಲಿ ರಿಚರ್ಡ್ ಟೆಂಪಲ್‌ನ ಸಲಹೆಯಂತೆ ದಿನದ ಕೂಲಿಯಲ್ಲಿ ಧಾನ್ಯದ ಭಾಗವನ್ನು ಒಂದು ಪೌಂಡಿಗೆ, ಎಂದರೆ ಅರ್ಧ ಕಿಲೋಗ್ರಾಮಿಗಿಂತಲೂ ಕಡಮೆಗೆ, ಇಳಿಸಲಾಯಿತು. ದುಡಿಯುವ ದೇಹಕ್ಕೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಬಲವಾಗಿ ಪ್ರತಿಭಟಿಸಿದ ಮೇಲೆ ಕೂಲಿ ಸ್ವಲ್ಪ ಏರಿತು. ಕೃಷ್ಣದೇವರಾಯನ ಕೆರೆಯ ಏರಿಯಂತೆಯೇ ಕ್ಷಾಮದ ಸಡಕುಗಳೂ ಹೆಸರಿಲ್ಲದವರ ಬೆವರಿನವು. ಹಳೆಯ ಸಡಕಿನ ಮೇಲೆ ನಡೆಯುವಾಗ ಇದನ್ನು ಮರೆಯುವುದು ನ್ಯಾಯವಲ್ಲ.

೬. ರೈಲು, ಗಡಿಗಳು, ಜಲಾಶಯ

೧೮೮೦ರ ದಶಕದಲ್ಲಿ ಬಳ್ಳಾರಿ–ಗದಗು ರೈಲು ಹೊಸಪೇಟೆಯನ್ನು ಹಾದುಹೋದ ಮೇಲೆ ದಾರಿಯ ತಲೆ ಪುನಃ ಹೊಸಪೇಟೆಗೆ ಬಂದಿತು. ೧೯೦೫ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಕವಲು ರೈಲುದಾರಿ ತೆರೆಯಿತು. ಈ ಕಂಬಿಯೂ ಮರಿಯಮ್ಮನಹಳ್ಳಿ, ಹಂಪಾಪಟ್ಟಣ, ಹಗರಿಬೊಮ್ಮನಹಳ್ಳಿ, ಮಾಲವಿಗಳನ್ನು ಹಿಡಿದು ಹೋಗುತ್ತದೆ. ಅಂದರೆ ರೈಲು ಎಂಜಿನಿಯರನೂ ಹೇರೆತ್ತಿನವನ ಬಾಗಿಲನ್ನೇ ಆರಿಸಿಕೊಂಡನು. ಕೊಟ್ಟೂರು ಕಂಬಿಯ ಕೊನೆಯಾದುದರಿಂದ ಕೊಟ್ಟೂರೇಶ್ವರನ ಜಾತ್ರೆಯ ಊರು ವ್ಯಾಪಾರದ ಊರೂ ಆಯಿತು. ಮಾಘದ ರಥೋತ್ಸವಕ್ಕೆ ದೂರದ ಊರುಗಳಿಂದ ಕಾಲ್ನಡಿಗೆಯಲ್ಲಿಯೇ ಬರುವ ಭಕ್ತರ 'ಪಾದಯಾತ್ರೆ', ಮೈಲಾರದ ಕಾರಣಿಕಕ್ಕೆ ಹಡಗಲಿಯ ಕಡೆಗೆ ಸಾಗುವ ಬಂಡಿಗಳ ಸಾಲು, ಉಜ್ಜಿನಿಯ ಮತ್ತು ಉಚ್ಚಂಗಿದುರ್ಗದ ಯಾತ್ರೆಗಳು, ಇವು ಅಡ್ಡಹಾದಿಗಳನ್ನು ಸರಕಾರದ ಗುದ್ದಲಿಗಿಂತ ಹೆಚ್ಚು ಕಾಲ ಸವೆಸಿ ಉಳಿಸಿವೆ.

ಆದರೆ ಈ ತಾಲ್ಲೂಕುಗಳ ದಾರಿಗಳಿಗೆ ಬೆಟ್ಟಕ್ಕಿಂತ ಕಠಿಣವಾದ ಅಡ್ಡಿಯೊಂದಿತ್ತು. ಅದು ಗಡಿ. ಇಪ್ಪತ್ತನೆಯ ಶತಮಾನದ ಮಧ್ಯದವರೆಗಿನ ನಕ್ಷೆಯನ್ನು ನೋಡಿದರೆ ಮದರಾಸಿಗೆ ಸೇರಿದ ಈ ಮೂಲೆಯ ಉತ್ತರಕ್ಕೆ ನದಿಯಾಚೆ ನಿಜಾಮನ ಹೈದರಾಬಾದು, ಪಶ್ಚಿಮಕ್ಕೆ ನದಿಯಾಚೆ ಮುಂಬಯಿ ಆಧಿಪತ್ಯದ ಧಾರವಾಡ, ದಕ್ಷಿಣಕ್ಕೆ ಮೈಸೂರು, ಪೂರ್ವಕ್ಕೆ ಸಂಡೂರು ಸಂಸ್ಥಾನ ಇದ್ದುದು ಕಾಣುತ್ತದೆ. ನಾಲ್ಕೂ ಕಡೆ ಕನ್ನಡವೇ, ನಾಲ್ಕೂ ಕಡೆ ಬೇರೆ ಸರಕಾರ. ನದಿಯ ಎರಡು ದಡಗಳು ಎರಡು ಸರಕಾರಗಳಿಗೆ ಸೇರಿದ್ದಾಗ ಸೇತುವೆಯ ಖರ್ಚು ಯಾರದೆಂಬ ಪ್ರಶ್ನೆ ಸುಲಭವಾಗಿ ಬಗೆಹರಿಯುವಂಥದಲ್ಲ. ಅಲ್ಲಿಯವರೆಗೆ ಹರಿಗೋಲಿನವನೇ ರಾಜ್ಯಗಳ ನಡುವಣ ರಾಯಭಾರಿ. ೧೯೪೯ರಲ್ಲಿ ಸಂಡೂರು ಬಳ್ಳಾರಿ ಜಿಲ್ಲೆಗೆ ಸೇರಿತು. ೧೯೫೩ರ ಅಕ್ಟೋಬರ್ ೧ರಂದು ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹೊಸಪೇಟೆ ಮೊದಲಾದ ತಾಲ್ಲೂಕುಗಳೂ ಇಂದಿನ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಪೂರ್ವರೂಪವಾದ ಮಲ್ಲಾಪುರ ಉಪತಾಲ್ಲೂಕೂ ಮೈಸೂರು ರಾಜ್ಯವನ್ನು ಕೂಡಿದವು. ೧೯೫೬ರಲ್ಲಿ ನದಿಯಾಚೆಯ ಕೊಪ್ಪಳವೂ ಧಾರವಾಡವೂ ಒಂದೇ ರಾಜ್ಯದೊಳಗೆ ಬಂದವು. ಏಕೀಕರಣವನ್ನು ಭಾಷೆಯ ವಿಜಯವೆಂದು ನಾವು ವರ್ಣಿಸುವುದುಂಟು. ಈ ಐದು ಊರುಗಳ ಮಟ್ಟಿಗೆ ಅದು ದಾರಿಗಳ ಬಿಡುಗಡೆಯೂ ಆಗಿತ್ತು.

ಅದೇ ೧೯೫೩ರಲ್ಲಿ ಬಾಗಿಲಿನ ರೂಪವೇ ಬದಲಾಯಿತು. ಮದರಾಸು ಹೈದರಾಬಾದುಗಳು ಕೂಡಿ ೧೯೪೫ರಲ್ಲಿ ಆರಂಭಿಸಿದ ತುಂಗಭದ್ರಾ ಅಣೆಕಟ್ಟಿನ ಹಿಂದೆ ನೀರು ನಿಂತಿತು. ಬೆಟ್ಟಗಳ ಇಕ್ಕಟ್ಟಿನಲ್ಲಿ ಕೃಷ್ಣದೇವರಾಯನು ಚಿಕ್ಕ ಪ್ರಮಾಣದಲ್ಲಿ ಮಾಡಿದ್ದನ್ನು ಇಪ್ಪತ್ತನೆಯ ಶತಮಾನವು ನದಿಗೇ ಮಾಡಿತು. ಸುಮಾರು ೩೭೮ ಚದರ ಕಿಲೋಮೀಟರ್ ವಿಸ್ತಾರದ ಜಲಾಶಯದಲ್ಲಿ ಎರಡೂ ದಂಡೆಗಳ ಸುಮಾರು ೯೦ ಗ್ರಾಮಗಳು ಮುಳುಗಿದವು. ನಾರಾಯಣದೇವರಕೆರೆಯಂಥ ಸಂಪನ್ನವಾದ ಊರು ನೀರಿನ ಪಾಲಾಗಿ, ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ಹೊಸ ಬದುಕನ್ನು ಕಟ್ಟಿಕೊಂಡರು. ಊರುಗಳ ಜೊತೆಗೆ ಅವನ್ನು ಕೂಡಿಸುತ್ತಿದ್ದ ನದೀದಂಡೆಯ ಬಂಡಿಜಾಡುಗಳೂ, ಬಹುಶಃ ಚಾಲುಕ್ಯರ ಕಾಲದ ಹೆಬ್ಬಟ್ಟೆಗಳ ತುಣುಕುಗಳೂ ಮುಳುಗಿದವು. ಹಿಂದೆ ನದಿಯ ದಾರಿ, ಬೆಟ್ಟದ ದಾರಿ ಎಂದು ಎರಡು ಆಯ್ಕೆಗಳಿದ್ದರೆ ಈಗ ಉಳಿದದ್ದು ಬೆಟ್ಟದ ಬುಡದ್ದೊಂದೇ. ನಮ್ಮ ದಾರಿಯ ಜಾಡು ನಿಜವಾಗಿ ಬದಲಾದುದು ಇದೊಂದು ಕಡೆ, ಇದೊಂದು ಸಲ.

೭. ಹೆದ್ದಾರಿಯ ಇತ್ತೀಚಿನ ಕಾಲ

ಸೊಲ್ಲಾಪುರದಿಂದ ವಿಜಾಪುರ, ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗಗಳ ಮೂಲಕ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ೧೩ರಲ್ಲಿ ನಮ್ಮ ಎಡಗವಲು ಸೇರಿತು. ೨೦೧೦ರ ಮರುಸಂಖ್ಯೆಯಲ್ಲಿ ಈ ಭಾಗಕ್ಕೆ ೫೦ ಎಂಬ ಸಂಖ್ಯೆ ಬಂದಿದೆ. ಬಲಗವಲು ಹೊಸಪೇಟೆ–ಹರಿಹರ–ಶಿವಮೊಗ್ಗಗಳ ರಾಜ್ಯ ಹೆದ್ದಾರಿ ೨೫ರ ಭಾಗ. ಹೊಸಪೇಟೆ–ಚಿತ್ರದುರ್ಗಗಳ ನಡುವಣ ಸುಮಾರು ೧೨೦ ಕಿಲೋಮೀಟರ್ ರಸ್ತೆಯನ್ನು ನಾಲ್ಕು ಪಥಗಳಿಗೆ ಅಗಲಿಸಿದಾಗ ಜಲಾಶಯಕ್ಕೂ ಬೆಟ್ಟಕ್ಕೂ ನಡುವೆ ಜಾಗ ಸಾಲದೆ ಬೆಟ್ಟವನ್ನು ಕೊರೆದು ಸುರಂಗ ಮಾಡಬೇಕಾಯಿತು. ಸಾವಿರ ವರ್ಷ ಬಳಸಿ ಹೋದ ಗೋಡೆಯನ್ನು ದಾರಿಯು ತೂರಿಹೋದುದು ಇದೇ ಮೊದಲು. ಆದರೂ ಅದು ತೂರಿದ್ದು ಅದೇ ಬಾಗಿಲಿನ ಮಗ್ಗುಲಲ್ಲಿ.

ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಸಂಡೂರು, ಹೊಸಪೇಟೆಗಳ ಸುತ್ತಣ ರಸ್ತೆಗಳು ಅದಿರಿನ ಲಾರಿಗಳಿಂದ ಕೆಂಪಾದವು. ದಾರಿಗೆ ಅಡ್ಡನಿಂತಿದ್ದ ಬೆಟ್ಟವೇ ಲಾರಿಯೇರಿ ದಾರಿಯ ಮೇಲೆ ಹೊರಟಿತು. ಲೋಕಾಯುಕ್ತದ ವರದಿಗಳು ಅಕ್ರಮವನ್ನು ಬಯಲಿಗೆಳೆದ ಬಳಿಕ ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಅನಂತರ ಅದು ನಿರ್ಬಂಧಗಳೊಡನೆ ಪುನರಾರಂಭವಾಯಿತು. ಕೊಟ್ಟೂರಿನಲ್ಲಿ ನಿಂತಿದ್ದ ಕಂಬಿಯು ಹರಪನಹಳ್ಳಿಯ ಮೂಲಕ ಹರಿಹರದವರೆಗೆ ಮುಂದುವರಿದು, ೨೦೧೯ರಲ್ಲಿ ಹೊಸಪೇಟೆ–ಹರಿಹರ ಪ್ರಯಾಣಿಕರ ರೈಲು ಆರಂಭವಾಯಿತು.

ದಾರಿಯ ತಲೆ ಬದಲಾಗುವುದೆಂದರೇನೆಂಬುದನ್ನು ತೋರಿಸಲು ಹರಪನಹಳ್ಳಿಯೊಂದೇ ಸಾಕು. ಬಳ್ಳಾರಿಗೆ ಅಲ್ಲಿಂದ ನೂರು ಕಿಲೋಮೀಟರಿಗೂ ಮಿಕ್ಕಿದ ದೂರ. ಗಿರಣಿಗಳ ಊರಾಗಿ ಬೆಳೆದ ದಾವಣಗೆರೆಗೆ ಅದರ ಅರ್ಧದಷ್ಟು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿಯನ್ನು ಅದಕ್ಕೆ ಸೇರಿಸಿದುದು ದಾರಿಯ ಲೆಕ್ಕದಲ್ಲಿ ಸರಿಯಾಗಿತ್ತು. ಆದರೆ ಸಂವಿಧಾನದ ೩೭೧(ಜೆ) ವಿಧಿಯಂತೆ ಬಳ್ಳಾರಿ ಮುಂತಾದ ಆರು ಜಿಲ್ಲೆಗಳಿಗೆ ವಿದ್ಯಾಭ್ಯಾಸ, ಉದ್ಯೋಗಗಳಲ್ಲಿ ವಿಶೇಷ ಅವಕಾಶ ದೊರೆತಾಗ ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಹೊರಗುಳಿಯಿತು. ಜನರ ಬೇಡಿಕೆಯ ಮೇಲೆ ೨೦೧೮ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು, ೨೦೨೧ರಲ್ಲಿ ಹೊಸಪೇಟೆಯೇ ಜಿಲ್ಲಾಕೇಂದ್ರವಾಯಿತು. ಒಂದೇ ತಲೆಮಾರಿನಲ್ಲಿ ಒಂದು ಊರಿನ ರೈತನು ತನ್ನ ದಾಖಲೆಪತ್ರಗಳನ್ನು ಹಿಡಿದುಕೊಂಡು ಹೋಗಬೇಕಾದ ಜಿಲ್ಲಾಕಚೇರಿ ಬಳ್ಳಾರಿ, ದಾವಣಗೆರೆ, ಮತ್ತೆ ಬಳ್ಳಾರಿ, ಆಮೇಲೆ ಹೊಸಪೇಟೆ ಎಂದು ಬದಲಾಯಿತು. ರಸ್ತೆ ಅಲ್ಲಿಯೇ ಇತ್ತು.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ನಿರ್ಣಯಗಳಿಗೆ ಬರಬಹುದು. ಮೊದಲನೆಯದು: ಈ ಪ್ರಾಂತದಲ್ಲಿ ದಾರಿಯ ಸ್ಥಾನವನ್ನು ನಿಶ್ಚಯಿಸಿದ್ದು ಬೆಟ್ಟ ಮತ್ತು ನದಿ, ದಾರಿಯ ದಿಕ್ಕನ್ನು ನಿಶ್ಚಯಿಸಿದ್ದು ರಾಜಧಾನಿ, ದಂಡು, ರೈಲುನಿಲ್ದಾಣ, ಕಚೇರಿ. ಹೇರೆತ್ತು, ಬಂಡಿ, ರೈಲು, ಲಾರಿ ಎಂಬ ನಾಲ್ಕು ವಾಹನಗಳೂ ಒಂದೇ ಬಾಗಿಲನ್ನು ಬಳಸಿರುವುದು ಇದಕ್ಕೆ ಪ್ರಮಾಣ. ಎರಡನೆಯದು: ಹೆದ್ದಾರಿಯ ಸಫಲತೆಯನ್ನು ಅದರ ಎರಡು ತುದಿಗಳಿಂದ ಅಳೆಯುವುದು ಸಾಲದು. ಸೊಲ್ಲಾಪುರದಿಂದ ಚಿತ್ರದುರ್ಗಕ್ಕೆ ಎಷ್ಟು ಹೊತ್ತಿನಲ್ಲಿ ಸೇರಬಹುದೆಂಬುದು ಒಂದು ಅಳತೆ. ಹಡಗಲಿಯ ಎರೆಯ ಹಳ್ಳಿಯಿಂದ ಮಳೆಗಾಲದಲ್ಲಿ ಹೆರಿಗೆಯ ಹೆಂಗಸನ್ನು ಆಸ್ಪತ್ರೆಗೆ ಮುಟ್ಟಿಸಬಹುದೇ, ಕೂಡ್ಲಿಗಿಯ ತಾಂಡದ ಮಕ್ಕಳು ಕಾಲೇಜಿಗೆ ಹೋಗಿ ಸಂಜೆಗೆ ಮನೆ ಸೇರಬಹುದೇ ಎಂಬುದು ಇನ್ನೊಂದು. ೧೮೭೭ರಲ್ಲಿ ಜನ ಸತ್ತದ್ದು ಮೊದಲನೆಯ ಅಳತೆ ಸಾಲದೆ ಅಲ್ಲ, ಎರಡನೆಯದು ಸಾಲದೆ.

ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಊರಿನ ದಾರಿಗಳನ್ನು ಹೀಗೆ ವಿಚಾರಿಸಬಹುದು. ಊರಿನ ಶಾಸನದಲ್ಲಿ ಹೆಬ್ಬಟ್ಟೆಯ ಹೆಸರುಂಟೇ, ಹಳೆಯ ಅಗಸೆ ಯಾವ ದಿಕ್ಕಿಗೆ ತೆರೆದಿದೆ, ಸಂತೆ ಎಲ್ಲಿ ಕೂಡುತ್ತದೆ, ಸಾಲುಮರಗಳು ಎಲ್ಲಿಂದ ಎಲ್ಲಿಗೆ ನಿಂತಿವೆ, ಜಾತ್ರೆಯ ಬಂಡಿಗಳು ಟಾರು ರಸ್ತೆಯನ್ನು ಬಿಟ್ಟು ಯಾವ ಜಾಡಿನಲ್ಲಿ ತಿರುಗುತ್ತವೆ ಎಂಬುದನ್ನು ಕುರಿತು ವೃದ್ಧರನ್ನು ಕೇಳಿ ಬರೆದಿಟ್ಟುಕೊಂಡರೆ ಪ್ರತಿ ತಾಲ್ಲೂಕಿಗೂ ಒಂದು ದಾರಿಯ ಚರಿತ್ರೆ ಸಿದ್ಧವಾಗುತ್ತದೆ. ಮುಳುಗಡೆಯ ಊರುಗಳ ದಾರಿಗಳನ್ನು ಕಾಲಿನಿಂದ ಬಲ್ಲವರು ಈಗ ವಿರಳ. ಈ ಕೆಲಸವನ್ನು ಅವರಿಂದಲೇ ಮೊದಲು ಮಾಡತಕ್ಕದ್ದು.